ಹುಡುಗಿ ಶಾಲೆ ಬಿಡುವುದು ಯಾವ ಕ್ಲಾಸಿನಲ್ಲಿ? ಮೊದಲು ಅದನ್ನು ಕೇಳಿ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಹನ್ನೆರಡು ಜನ ಗೆಳತಿಯರು, ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಈಗ ಬೇರೆ ಬೇರೆ ದೇಶಗಳಲ್ಲಿದ್ದೇವೆ. ತಿಂಗಳು ತಿಂಗಳು ಒಂದಿಷ್ಟು ಹಣ ಕೂಡಿಸಿ ಹೆಣ್ಣುಮಕ್ಕಳ ಓದಿಗೆ ಕೊಡಬೇಕು ಅಂತ ಆಸೆ. ಯಾವ ದೇಶವಾದರೂ ಸರಿ. ಆದರೆ ನಮ್ಮೊಳಗೇ ಜಗಳ ಶುರುವಾಗಿದೆ. ಕೆಲವರು ಶಾಲೆ ಕಟ್ಟಿಸೋಣ ಅಂತಾರೆ. ಇನ್ನು ಕೆಲವರು, ಅಪ್ಪ ಅಮ್ಮನ ಮನಸ್ಸೇ ಬದಲಾಗದೆ ಕಟ್ಟಡ ಕಟ್ಟಿ ಏನು ಪ್ರಯೋಜನ, ಜಾಗೃತಿ ಮೂಡಿಸುವವರಿಗೆ ಕೊಡೋಣ ಅಂತಾರೆ. ಒಬ್ಬಳು ಮಾತ್ರ ಸ್ಯಾನಿಟರಿ ಪ್ಯಾಡ್ ಹಂಚೋಣ ಅಂತ ಹಟ ಹಿಡಿದಿದ್ದಾಳೆ. ಯಾರ ಮಾತು ಸರಿ?

ಉತ್ತರ: ಎಲ್ಲರೂ ಸ್ವಲ್ಪ ಸ್ವಲ್ಪ ಸರಿ ಅಂದುಬಿಟ್ಟರೆ ನನಗೂ ಸುಲಭ, ನಿಮ್ಮ ಗೆಳೆತನಕ್ಕೂ ಒಳ್ಳೆಯದು. ಆದರೆ ಹಾಗೆ ಹೇಳಲು ಮನಸ್ಸು ಬರುತ್ತಿಲ್ಲ. ಮೂರರಲ್ಲಿ ನನಗೆ ಕಡಿಮೆ ನಂಬಿಕೆ ಇರುವುದು ಜಾಗೃತಿಯ ಮಾತಿನ ಮೇಲೆ. ಅದನ್ನೇ ಮೊದಲು ಹೇಳುತ್ತೇನೆ. ಯಾಕಂದರೆ 'ಅಪ್ಪ ಅಮ್ಮನಿಗೆ ಆಸಕ್ತಿ ಇಲ್ಲ' ಅನ್ನುವುದು ಒಮ್ಮೆ ತಲೆಯಲ್ಲಿ ಕೂತರೆ ಬೇರೇನೂ ಕಣ್ಣಿಗೆ ಬೀಳುವುದಿಲ್ಲ.

ಇಂಥ ಯೋಜನೆಗಳು ನಿಜಕ್ಕೂ ಕೆಲಸ ಮಾಡಿದವಾ ಅಂತ ನೋಡುವುದು ನನ್ನ ಉದ್ಯೋಗ. ಯಾವ ಶಾಲೆಗೆ ಹೋದರೂ ಮೊದಲು ಕೇಳುವುದು ಹಾಜರಿ ಪುಸ್ತಕ. ಗೋಡೆಯ ಮೇಲಿನ ಚಿತ್ರ, ಸ್ವಾಗತದ ಹಾಡು ಎಲ್ಲ ಆಮೇಲೆ. ಒಂದು ಪುಸ್ತಕ ಇವತ್ತಿಗೂ ನೆನಪಿದೆ. ಆರನೇ ಕ್ಲಾಸಿನ ಒಬ್ಬ ಹುಡುಗಿಯ ಸಾಲು. ವರ್ಷದ ಶುರುವಿನಲ್ಲಿ ತಪ್ಪದೆ ಹಾಜರಿ. ಎರಡನೇ ತಿಂಗಳಿಂದ ವಾರಕ್ಕೊಂದು ದಿನ ಗೈರು. ಬೆರಳಿಟ್ಟು ತಾರೀಖು ನೋಡುತ್ತಾ ಹೋದೆ. ಪ್ರತಿ ವಾರವೂ ಅದೇ ದಿನ. ಐದನೇ ತಿಂಗಳಿಗೆ ಎರಡು ದಿನ, ಆಮೇಲೆ ಮೂರು ದಿನ. ಪರೀಕ್ಷೆಯ ವಾರ ಪೂರ್ತಿ ಗೈರು. ಅದಾದ ಮೇಲೆ ಹೆಸರಿನ ಮೇಲೆ ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆ.

'ಪೋಷಕರಿಗೆ ಆಸಕ್ತಿ ಇಲ್ಲ ಮೇಡಂ' ಅಂದರು ಟೀಚರ್. ಒಳ್ಳೆಯವರೇ, ಬೇಜಾರಿನಿಂದಲೇ ಹೇಳಿದರು. ಆದರೆ ಆಸಕ್ತಿ ಇಲ್ಲದ ಮನೆಯವರು ಐದೂವರೆ ವರ್ಷ ಯಾಕೆ ಕಳಿಸಿದರು? ವಾರಕ್ಕೆ ಒಂದು ದಿನ ಮಾತ್ರ ಆಸಕ್ತಿ ಹೋಗುತ್ತದಾ? ವಿಚಾರಿಸಿದರೆ ಗೊತ್ತಾಯಿತು, ಅದು ಸಂತೆಯ ದಿನ. ತಾಯಿ ಸರಕು ಹೊತ್ತು ಮಾರಲು ಹೋಗುತ್ತಿದ್ದಳು. ಕೈಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ವಾರಕ್ಕೊಂದು ದಿನ ತಪ್ಪಿದ ಪಾಠ ತಿಂಗಳಿಗೆ ನಾಲ್ಕಾಯಿತು. ಗಣಿತ ಕೈಬಿಟ್ಟಿತು. ಅರ್ಥವಾಗದ ಕ್ಲಾಸಿನಲ್ಲಿ ಸುಮ್ನೆ ಕೂರುವುದು ಯಾರಿಗೆ ಇಷ್ಟ? ಆ ಮನೆಗೆ ಹೋಗಿ ಹೆಣ್ಣುಮಕ್ಕಳ ಓದಿನ ಮಹತ್ವದ ಬಗ್ಗೆ ಭಾಷಣ ಮಾಡಿದ್ದರೆ ಆ ತಾಯಿ ತಲೆಯಾಡಿಸಿ ಕೇಳುತ್ತಿದ್ದಳು. ಮರುದಿನವೂ ಕೂಸು ಅಲ್ಲೇ ಇರುತ್ತಿತ್ತು.

ಬಡವರ ಮನೆಯಲ್ಲಿ ಮಗಳ ಓದು ಒಂದು ಲೆಕ್ಕ. ದಾರಿ ಎಷ್ಟು ದೂರ, ದಾರಿಯಲ್ಲಿ ಏನು ಭಯ, ಖರ್ಚು ಎಷ್ಟು, ಅವಳು ಮನೆಯಲ್ಲಿ ಇಲ್ಲದಿದ್ದರೆ ಕೆಲಸ ಯಾರು ಮಾಡುತ್ತಾರೆ, ಓದಿ ಮುಗಿಸಿದರೆ ಏನು ಸಿಗುತ್ತದೆ, ತಡವಾದರೆ ಮದುವೆಗೆ ಏನಾಗುತ್ತದೆ. ಈ ಲೆಕ್ಕದಲ್ಲಿ ಒಂದು ಅಂಕಿ ಬದಲಾದರೂ ಉತ್ತರ ಬದಲಾಗುತ್ತದೆ. ಮನಸ್ಸು ಅದರ ಹಿಂದೆಯೇ ಬರುತ್ತದೆ. ನಾನು ನೋಡಿರುವುದು ಹೀಗೆಯೇ, ಮೊದಲು ಮನಸ್ಸು ಬದಲಾಗಿ ಆಮೇಲೆ ಶಾಲೆಗೆ ಕಳಿಸಿದ್ದು ಬಹಳ ಅಪರೂಪ.

ನಿಮ್ಮ ಮುಂದಿನ ಪ್ರಶ್ನೆ ನನಗೆ ಗೊತ್ತು. ಸಾಕ್ಷಿ ಏನು? ಸಾಕಷ್ಟಿದೆ. ಅದಕ್ಕೂ ಮೊದಲು ಒಂದು ಅಂಕಿ.

ಯುನೆಸ್ಕೋ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಶಾಲೆಯ ಹೊರಗಿರುವ ಮಕ್ಕಳು ಸುಮಾರು 25 ಕೋಟಿ. ಅದರಲ್ಲಿ ಹುಡುಗಿಯರು 12.2 ಕೋಟಿ, ಹುಡುಗರು 12.8 ಕೋಟಿ. ಹೌದು, ಹುಡುಗರೇ ಸ್ವಲ್ಪ ಜಾಸ್ತಿ. ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ಹೈಸ್ಕೂಲು ಅರ್ಧಕ್ಕೆ ಬಿಡುವವರಲ್ಲಿ ಹುಡುಗರೇ ಮುಂದೆ. ಹಾಗಾದರೆ ಹುಡುಗಿಯರ ಬಗ್ಗೆ ಬೇರೆಯಾಗಿ ಯಾಕೆ ಮಾತಾಡಬೇಕು? ಸರಾಸರಿ ಅನ್ನುವುದು ಮೋಸ ಮಾಡುತ್ತದೆ, ಅದಕ್ಕೆ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ ಬಡ ದೇಶಗಳಲ್ಲಿ, ಚಾಡ್‌ನಂಥ ಕಡೆ, ಅಫ್ಘಾನಿಸ್ತಾನದಲ್ಲಿ ಹುಡುಗಿಯರು ಇವತ್ತಿಗೂ ಬಹಳ ಹಿಂದೆ. ಜೊತೆಗೆ, ಹುಡುಗಿ ಬಿಡುವ ಕಾರಣವೇ ಬೇರೆ. ಹುಡುಗ ದುಡಿಯಲು ಹೋಗುತ್ತಾನೆ. ಹುಡುಗಿಗೆ ಮನೆಗೆಲಸ, ದಾರಿಯ ಭಯ, ಮದುವೆ, ಬಸಿರು. ಮದುವೆಯಾಗಿ ಕೈಯಲ್ಲಿ ಮಗು ಬಂದಮೇಲೆ ವಾಪಸ್ ಬರುವ ದಾರಿ ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಓದು ಬರಹ ಬಾರದ ದೊಡ್ಡವರಲ್ಲಿ ಮೂರನೇ ಎರಡರಷ್ಟು ಹೆಂಗಸರು ಇರುವುದು ಈ ಹಳೆಯ ಲೆಕ್ಕದ ಬಾಕಿ.

ಇನ್ನೊಂದು ವಿಷಯ. ಪ್ರೈಮರಿಯಲ್ಲಿ ಹುಡುಗ ಹುಡುಗಿಯರ ಅಂತರ ಬಹುತೇಕ ದೇಶಗಳಲ್ಲಿ ಮುಚ್ಚಿಹೋಗಿದೆ, ಇಲ್ಲವೇ ತೀರಾ ಕಡಿಮೆಯಾಗಿದೆ. ಈಗ ಸೋರಿಕೆ ಇರುವುದು ಪ್ರೈಮರಿ ಮುಗಿಸಿ ಹೈಸ್ಕೂಲಿಗೆ ಕಾಲಿಡುವ ಜಾಗದಲ್ಲಿ. ಹನ್ನೆರಡು, ಹದಿಮೂರನೇ ವಯಸ್ಸು. ಅದೇ ಹೊತ್ತಿಗೆ ಶಾಲೆ ದೂರವಾಗುತ್ತದೆ, ಫೀಸು ಶುರುವಾಗುತ್ತದೆ, ಮೈ ನೆರೆಯುತ್ತದೆ, ನೆಂಟರು ಸಂಬಂಧ ಹುಡುಕಲು ಶುರು ಮಾಡುತ್ತಾರೆ. ನಾಲ್ಕೂ ಒಟ್ಟಿಗೆ. ಮೆಕ್ಸಿಕೋ ಇದನ್ನು ಚೆನ್ನಾಗಿ ಹಿಡಿದಿತ್ತು. 1997ರಲ್ಲಿ ಅದು ಶುರು ಮಾಡಿದ ಪ್ರೋಗ್ರೆಸಾ ಯೋಜನೆಯಲ್ಲಿ ಮಕ್ಕಳು ಶಾಲೆಗೆ ಬಂದರೆ ತಾಯಿಯ ಕೈಗೆ ದುಡ್ಡು. ಏಳನೇ ಕ್ಲಾಸಿನಿಂದ ಹುಡುಗಿಗೆ ಹುಡುಗನಿಗಿಂತ ಸ್ವಲ್ಪ ಜಾಸ್ತಿ. ತೂತು ಎಲ್ಲಿದೆಯೋ ಅಲ್ಲೇ ತೇಪೆ.

ಈಗ ಶಾಲೆ ಕಟ್ಟಿಸುವ ಗುಂಪಿನ ಮಾತಿಗೆ ಬರೋಣ. ಅವರು ಅರ್ಧಕ್ಕಿಂತ ಹೆಚ್ಚು ಸರಿ. ಆದರೆ ಕಟ್ಟಡಕ್ಕಿಂತ ಮೊದಲು ಬೇಕಿರುವುದು ಶಾಲೆ ಹತ್ತಿರ ಇರುವುದು.

ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಅಫ್ಘಾನಿಸ್ತಾನದ ಘೋರ್ ಪ್ರಾಂತ್ಯದ್ದು. ಗುಡ್ಡಗಾಡು, ಬಡತನ, ರಸ್ತೆ ಸರಿಯಿಲ್ಲ. ಡಾನಾ ಬರ್ಡ್ ಮತ್ತು ಲೀ ಲಿಂಡನ್ ಎಂಬ ಇಬ್ಬರು ಸಂಶೋಧಕರು 2007ರ ಸುಮಾರಿಗೆ ಅಲ್ಲಿನ 31 ಹಳ್ಳಿಗಳನ್ನು ತೆಗೆದುಕೊಂಡರು. ಚೀಟಿ ಎತ್ತಿದ ಹಾಗೆ ಆರಿಸಿ, ಕೆಲವು ಹಳ್ಳಿಗಳಿಗೆ ಒಂದು ವರ್ಷ ಮೊದಲೇ ಊರೊಳಗೇ ಚಿಕ್ಕ ಶಾಲೆ ಕೊಟ್ಟರು. ಉಳಿದ ಹಳ್ಳಿಗಳ ಮಕ್ಕಳು ಮೊದಲಿನಂತೆ ದೂರದ ಸರ್ಕಾರಿ ಶಾಲೆಗೆ ನಡೆಯಬೇಕು. ಏನಾಯಿತು ನೋಡಿ. ಊರಲ್ಲೇ ಶಾಲೆ ಬಂದ ಕಡೆ ಪ್ರತಿ ನೂರು ಹುಡುಗಿಯರಲ್ಲಿ 52 ಮಂದಿ ಹೆಚ್ಚು ಶಾಲೆಗೆ ಬಂದರು. ಹುಡುಗರಲ್ಲಿ 35. ಮೊದಲು ನೂರಕ್ಕೆ 21ರಷ್ಟಿದ್ದ ಹುಡುಗ ಹುಡುಗಿಯರ ಅಂತರ ಮಾಯ. ಶಾಲೆ ಒಂದೊಂದು ಮೈಲಿ ದೂರವಾದಂತೆ ನೂರಕ್ಕೆ 16 ಮಕ್ಕಳು ಕಡಿಮೆಯಾಗುತ್ತಿದ್ದರು. ಅದರಲ್ಲೂ ಹುಡುಗಿಯರು ಬೇಗ ಬಿಡುತ್ತಿದ್ದರು.

ಅಲ್ಲಿ ಯಾರೂ ಅಪ್ಪಂದಿರನ್ನು ಕೂರಿಸಿ ಮನಸ್ಸು ಬದಲಾಯಿಸಿರಲಿಲ್ಲ. ಮಗಳು ನಡೆಯುವ ದಾರಿ ಚಿಕ್ಕದಾಯಿತು, ಅಷ್ಟೇ. 'ಅಫ್ಘಾನ್ ಹಳ್ಳಿಯ ಗಂಡಸರು ಹೆಣ್ಣುಮಕ್ಕಳನ್ನು ಓದಿಸುವುದಿಲ್ಲ' ಅಂತ ನಾವು ದೂರದಲ್ಲಿ ಕೂತು ಎಷ್ಟು ಸಲೀಸಾಗಿ ಹೇಳುತ್ತೇವೆ, ಅಲ್ವಾ?

ಶಾಲೆಯನ್ನು ಹತ್ತಿರ ತರಲು ಆಗದಿದ್ದರೆ ಹುಡುಗಿಯನ್ನೇ ಬೇಗ ತಲುಪಿಸಬಹುದು. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೇ ಕ್ಲಾಸಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಡಲು ಶುರು ಮಾಡಿತು. ಇಲ್ಲೂ ಸೋರುವ ಕ್ಲಾಸನ್ನೇ ಹಿಡಿದಿದ್ದಾರೆ, ಗಮನಿಸಿ. ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಪಕ್ಕದ ಜಾರ್ಖಂಡ್ ಜೊತೆ ಹೋಲಿಸಿ ಲೆಕ್ಕ ಹಾಕಿದರು. ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತು. ಹುಡುಗರ ಜೊತೆಗಿನ ಅಂತರ ಶೇ. 40ರಷ್ಟು ಇಳಿಯಿತು. ಹೆಚ್ಚಿನ ಫಲ ಸಿಕ್ಕಿದ್ದು ಹೈಸ್ಕೂಲು ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ. ಹತ್ತಿರವಿದ್ದ ಕಡೆ ಹೆಚ್ಚು ಬದಲಾವಣೆ ಇಲ್ಲ. ಅಂದರೆ ಕೆಲಸ ಮಾಡಿದ್ದು ಬಿಟ್ಟಿ ವಸ್ತುವಿನ ಆಸೆ ಅಲ್ಲ, ಚಕ್ರ.

ಸೈಕಲ್ಲಿನಿಂದ ಇನ್ನೊಂದು ಲಾಭವಾಯಿತು. ಒಬ್ಬಳೇ ಹುಡುಗಿ ನಡೆದು ಹೋದರೆ ದಾರಿಯಲ್ಲಿ ನೂರು ಕಣ್ಣು. ಹತ್ತು ಹುಡುಗಿಯರು ಒಟ್ಟಿಗೆ ಬೆಲ್ ಹೊಡೆಯುತ್ತಾ ಹೋದರೆ ದಾರಿ ಅವರದೇ. ಅದೇ ನಿಶೀತ್ ಪ್ರಕಾಶ್ ಮತ್ತು ಜೊತೆಗಾರರು ಆಮೇಲೆ ಜಾಂಬಿಯಾದ ಹಳ್ಳಿಗಳಲ್ಲೂ ಸೈಕಲ್ ಪ್ರಯೋಗ ನೋಡಿದರು. ಶಾಲೆಗೆ ಹೋಗುವ ಸಮಯ ಶೇ. 35ರಷ್ಟು ಉಳಿಯಿತು, ಗೈರುಹಾಜರಿ ಶೇ. 28ರಷ್ಟು ಇಳಿಯಿತು. ಎರಡು ಖಂಡ, ಬೇರೆ ಭಾಷೆ, ಬೇರೆ ಧರ್ಮ. ದೂರದ ಲೆಕ್ಕ ಮಾತ್ರ ಒಂದೇ.

ಇನ್ನು ದುಡ್ಡು. ಪ್ರೈಮರಿ ಫೀಸು ತೆಗೆದರೆ ಮಕ್ಕಳು ಬರುತ್ತಾರೆ, ಅದರಲ್ಲಿ ಅನುಮಾನ ಬೇಡ. ಮಲಾವಿ 1994ರಲ್ಲಿ, ಉಗಾಂಡ 1997ರಲ್ಲಿ, ಕೀನ್ಯಾ 2003ರಲ್ಲಿ ತೆಗೆದವು. ಕೀನ್ಯಾದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಹೊಸದಾಗಿ ಬಂದರು. ಆದರೆ ಟೀಚರುಗಳ ಸಂಖ್ಯೆ ಅದೇ ವೇಗದಲ್ಲಿ ಏರಲಿಲ್ಲ. ಒಂದು ಕ್ಲಾಸಿನಲ್ಲಿ ನೂರು ಮಕ್ಕಳು ಕೂತರೆ ಬಾಗಿಲ ಹತ್ತಿರ ಕೂತವಳಿಗೆ ಏನು ಕೇಳಿಸುತ್ತದೆ? ಈ ಕಲಿಕೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ಫೀಸು ಹೋದರೂ ಯೂನಿಫಾರ್ಮ್, ಪುಸ್ತಕ, ಪರೀಕ್ಷೆಯ ದುಡ್ಡು ಉಳಿದೇ ಇರುತ್ತದೆ ಅನ್ನುವುದನ್ನೂ ಮರೆಯಬೇಡಿ. ಕೀನ್ಯಾದ ಪಶ್ಚಿಮ ಭಾಗದಲ್ಲಿ ಬರೀ ಯೂನಿಫಾರ್ಮ್ ಉಚಿತವಾಗಿ ಕೊಟ್ಟಿದ್ದಕ್ಕೆ ಹುಡುಗಿಯರು ಶಾಲೆ ಬಿಡುವುದೂ ಕಡಿಮೆಯಾಯಿತು, ಚಿಕ್ಕ ವಯಸ್ಸಿನಲ್ಲಿ ಬಸಿರಾಗುವುದೂ ಕಡಿಮೆಯಾಯಿತು. ಎರಡು ಜೊತೆ ಬಟ್ಟೆ!

ಹೈಸ್ಕೂಲಿಗೆ ದುಡ್ಡು ಕೊಟ್ಟ ದೊಡ್ಡ ಕಥೆ ಬಾಂಗ್ಲಾದೇಶದ್ದು. 1982ರಲ್ಲಿ ಒಂದು ಉಪಜಿಲ್ಲೆಯಲ್ಲಿ ಸಣ್ಣದಾಗಿ ಶುರುವಾಗಿ, 1994ರಲ್ಲಿ ದೇಶದ ಎಲ್ಲ ಹಳ್ಳಿಗಾಡಿಗೂ ಹಬ್ಬಿತು. ಹುಡುಗಿಗೆ ಸ್ಟೈಪೆಂಡ್, ಶಾಲೆಗೆ ಅವಳ ಫೀಸು. ಮೂರು ಷರತ್ತು: ಶೇ. 75 ಹಾಜರಿ, ಪರೀಕ್ಷೆಯಲ್ಲಿ ಶೇ. 45 ಅಂಕ, ಮದುವೆ ಆಗಬಾರದು. ದುಡ್ಡು ಹೋಗುತ್ತಿದ್ದುದು ಹುಡುಗಿಯ ಹೆಸರಿನ ಬ್ಯಾಂಕ್ ಖಾತೆಗೆ. 1991ರಲ್ಲಿ ಹೈಸ್ಕೂಲಿನಲ್ಲಿ ಸುಮಾರು 11 ಲಕ್ಷ ಹುಡುಗಿಯರಿದ್ದರು, 2005ಕ್ಕೆ 39 ಲಕ್ಷ. ಅದೆಲ್ಲ ಸ್ಟೈಪೆಂಡ್ ಒಂದರಿಂದಲೇ ಅಂತ ನಾನು ಹೇಳುವುದಿಲ್ಲ. ಅದೇ ಕಾಲಕ್ಕೆ ಗಾರ್ಮೆಂಟ್ ಫ್ಯಾಕ್ಟರಿಗಳೂ ಬಂದವು, ಲೆಕ್ಕ ಬರೆಯಲು ಬರುವ ಹುಡುಗಿಗೆ ಅಲ್ಲಿ ಬೆಲೆ ಇತ್ತು. ಆದರೆ ಹುಡುಗಿಯರು ಹುಡುಗರನ್ನು ಹಿಂದೆ ಹಾಕಿದರು ಅನ್ನುವುದಂತೂ ನಿಜ.

ಆದರೂ ಅದೇ ದೇಶದಲ್ಲಿ ಇವತ್ತಿಗೂ ಅರ್ಧದಷ್ಟು ಹುಡುಗಿಯರಿಗೆ ಹದಿನೆಂಟಕ್ಕೆ ಮೊದಲೇ ಮದುವೆ. ಯಾಕೆ? ಹುಡುಗಿ ದೊಡ್ಡವಳಾದಷ್ಟೂ ವರದಕ್ಷಿಣೆ ಏರುತ್ತದೆ. ಮತ್ತೆ ಲೆಕ್ಕ. ಇದನ್ನು ಅರ್ಥ ಮಾಡಿಕೊಂಡು ದಕ್ಷಿಣ ಬಾಂಗ್ಲಾದಲ್ಲಿ ಒಂದು ಪ್ರಯೋಗ ಮಾಡಿದರು. ನನಗಂತೂ ಅದನ್ನು ಓದಿ ನಗು ಬಂತು, ಆಮೇಲೆ ಮೆಚ್ಚುಗೆಯಾಯಿತು. 15ರಿಂದ 17 ವರ್ಷದ ಹುಡುಗಿಗೆ ಮದುವೆ ಆಗಿಲ್ಲದಿದ್ದರೆ ನಾಲ್ಕು ತಿಂಗಳಿಗೊಮ್ಮೆ ನಾಲ್ಕು ಲೀಟರ್ ಅಡುಗೆ ಎಣ್ಣೆ. ಅಷ್ಟೇ. ಎಣ್ಣೆಯೇ ಯಾಕೆ? ಎಲ್ಲರ ಮನೆಯಲ್ಲೂ ದಿನಾ ಬೇಕು, ಕೊಟ್ಟರೆ ಬೇಡ ಅನ್ನುವವರಿಲ್ಲ. ಎರಡು ವರ್ಷ ಹೀಗೆ ಎಣ್ಣೆ ಸಿಕ್ಕ ಹುಡುಗಿಯರಲ್ಲಿ ಬಾಲ್ಯವಿವಾಹ ಸುಮಾರು ಐದನೇ ಒಂದರಷ್ಟು ಕಡಿಮೆಯಾಯಿತು. ಓದು ಮುಂದುವರಿಸಿದವರು ಹೆಚ್ಚಾದರು. ಇನ್ನು ಕೆಲವು ಹಳ್ಳಿಗಳಲ್ಲಿ ಎಣ್ಣೆ ಇಲ್ಲ, ಬದಲಿಗೆ ಹುಡುಗಿಯರ ಗುಂಪು ಮಾಡಿ ಹಕ್ಕು, ಆರೋಗ್ಯ, ಓದಿನ ಬಗ್ಗೆ ತಿಂಗಳುಗಟ್ಟಲೆ ಕಲಿಸಿದರು. ಆ ಹುಡುಗಿಯರ ಓದಿಗೆ ಅದರಿಂದ ಸಹಾಯವಾಯಿತು. ಮದುವೆ ಮಾತ್ರ ಮುಂದೆ ಹೋಗಲಿಲ್ಲ. ಮದುವೆ ನಿರ್ಧಾರ ಮಾಡುವವರು ಆ ಗುಂಪಿನಲ್ಲಿ ಕೂತಿರಲಿಲ್ಲ, ಅಲ್ವಾ.

ಘಾನಾದ್ದನ್ನೂ ಸೇರಿಸುತ್ತೇನೆ, ನಿಮ್ಮಂಥ ಗುಂಪಿಗೆ ಅದು ಹತ್ತಿರದ ಮಾದರಿ. ಅಲ್ಲಿ 2008ರಲ್ಲಿ ಹೈಸ್ಕೂಲಿಗೆ ಸೀಟು ಸಿಕ್ಕರೂ ಫೀಸು ಕಟ್ಟಲಾಗದೆ ಕೂತಿದ್ದ 2,064 ಹುಡುಗ ಹುಡುಗಿಯರಲ್ಲಿ 682 ಮಂದಿಯನ್ನು ಲಾಟರಿಯಲ್ಲಿ ಆರಿಸಿ ಪೂರ್ತಿ ಓದಿಗೆ ಸ್ಕಾಲರ್‌ಶಿಪ್ ಕೊಟ್ಟರು. ಎಸ್ತರ್ ಡುಫ್ಲೋ, ಪಾಸ್ಕಲಿನ್ ದ್ಯುಪಾ, ಮೈಕೆಲ್ ಕ್ರೆಮರ್ ಆ ಮಕ್ಕಳ ಜಾಡು ಹಿಡಿದು ವರ್ಷಗಟ್ಟಲೆ ವಿಚಾರಿಸುತ್ತಾ ಹೋದರು. ಸ್ಕಾಲರ್‌ಶಿಪ್ ಸಿಕ್ಕವರಲ್ಲಿ ಹೈಸ್ಕೂಲು ಮುಗಿಸಿದವರು ಬಹಳ ಜಾಸ್ತಿ. ಹುಡುಗಿಯರಲ್ಲಿ ಬೇಗ ತಾಯಿಯಾದವರು ಕಡಿಮೆ. 2017ರಲ್ಲಿ ಘಾನಾ ಹೈಸ್ಕೂಲನ್ನೇ ಎಲ್ಲರಿಗೂ ಉಚಿತ ಮಾಡಿತು.

ಪ್ಯಾಡಿನ ಗೆಳತಿಗೆ ಏನು ಹೇಳಲಿ? ಬೇಜಾರು ಮಾಡಿಕೊಳ್ಳಬೇಡಿ ಅನ್ನಿ. 'ಮುಟ್ಟಿನಿಂದ ಹುಡುಗಿಯರು ತಿಂಗಳಿಗೆ ನಾಲ್ಕೈದು ದಿನ ಶಾಲೆ ತಪ್ಪಿಸಿಕೊಳ್ಳುತ್ತಾರೆ' ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ನೇಪಾಳದ ಚಿತ್ವನ್‌ನಲ್ಲಿ ಎಮಿಲಿ ಆಸ್ಟರ್ ಮತ್ತು ರೆಬೆಕಾ ಥಾರ್ನ್‌ಟನ್ ಇದನ್ನು ದಿನ ದಿನ ಲೆಕ್ಕವಿಟ್ಟು ನೋಡಿದರು. ಅಲ್ಲಿನ ಹುಡುಗಿಯರು ಮುಟ್ಟಿನ ಕಾರಣಕ್ಕೆ ತಪ್ಪಿಸಿಕೊಂಡದ್ದು ಇಡೀ ವರ್ಷಕ್ಕೆ ಒಂದು ದಿನಕ್ಕಿಂತ ಕಡಿಮೆ. ಪ್ಯಾಡಿನ ಬದಲು ಬಳಸುವ ಮುಟ್ಟಿನ ಕಪ್ ಕೊಟ್ಟರೂ ಹಾಜರಿ ಬದಲಾಗಲಿಲ್ಲ. ಹುಡುಗಿಯರಿಗೆ ಕಪ್ ಇಷ್ಟವಾಗಿತ್ತು, ಬಟ್ಟೆ ಒಗೆಯುವ ಕಾಟ ತಪ್ಪಿತ್ತು, ಅದು ಬೇರೆ. ಒಂದು ಊರಿನ ಅಧ್ಯಯನ ಎಲ್ಲ ಊರಿಗೂ ಅನ್ವಯಿಸುವುದಿಲ್ಲ, ಸರಿ. ಆದರೆ ಪ್ಯಾಡ್ ಕೊಡುವುದಾದರೆ ಹುಡುಗಿಗೆ ಅದು ಬೇಕು, ಮುಜುಗರ ತಪ್ಪುತ್ತದೆ ಅನ್ನುವ ಕಾರಣಕ್ಕೆ ಕೊಡಿ. ಹಾಜರಿ ಏರುತ್ತದೆ ಅಂತ ಕಾಯಬೇಡಿ.

ಶೌಚಾಲಯದ ಕಥೆ ಬೇರೆ. ಭಾರತದಲ್ಲಿ 2003ರ ಸುಮಾರಿಗೆ ಸರ್ಕಾರಿ ಶಾಲೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಶೌಚಾಲಯ ಕಟ್ಟಿದ್ದನ್ನು ಅಂಜಲಿ ಅದುಕಿಯಾ ಅಧ್ಯಯನ ಮಾಡಿದ್ದಾರೆ. ಚಿಕ್ಕ ಮಕ್ಕಳಿಗೆ ಯಾವ ಶೌಚಾಲಯವಾದರೂ ಅನುಕೂಲವೇ. ಮೈ ನೆರೆಯುವ ವಯಸ್ಸಿನ ಹುಡುಗಿಯರ ದಾಖಲಾತಿ ಏರಿದ್ದು ಹುಡುಗಿಯರಿಗೇ ಬೇರೆ ಶೌಚಾಲಯ ಇದ್ದಲ್ಲಿ ಮಾತ್ರ. ಚಿಲಕ ಇರುವ ಬಾಗಿಲು ಅಂತ ನಾನು ಇನ್ನೊಂದು ಷರತ್ತು ಸೇರಿಸುತ್ತೇನೆ. ಬಾಗಿಲಿಗೆ ಬೀಗ ಹಾಕಿ ಕೀಲಿ ಹೆಡ್‌ಮಾಸ್ಟರ ಜೇಬಿನಲ್ಲಿರುವ ಶೌಚಾಲಯಗಳನ್ನು ಬೇಕಾದಷ್ಟು ನೋಡಿದ್ದೇನೆ.

ಹಾಗಾದರೆ ಮನಸ್ಸು ಅನ್ನುವುದು ಲೆಕ್ಕಕ್ಕೇ ಇಲ್ಲವಾ? ಇದೆ. ಅದು ಬದಲಾಗುವುದು ಕಣ್ಣಿಗೆ ಕಾಣುವುದರಿಂದ. ಪಶ್ಚಿಮ ಬಂಗಾಳದಲ್ಲಿ ಪಂಚಾಯಿತಿ ಪ್ರಧಾನ ಹುದ್ದೆ ಸರದಿಯ ಮೇಲೆ ಹೆಂಗಸರಿಗೆ ಮೀಸಲಾಗುತ್ತಿತ್ತು. ಎರಡು ಅವಧಿಗೆ ಹೆಂಗಸೇ ಪ್ರಧಾನೆಯಾಗಿದ್ದ ಊರುಗಳಲ್ಲಿ ಹದಿಹರೆಯದ ಹುಡುಗ ಹುಡುಗಿಯರ ಓದಿನ ಅಂತರ ಅಳಿಸಿಹೋಗಿತ್ತು. ಅಪ್ಪ ಅಮ್ಮ ಮಗಳ ಬಗ್ಗೆ ಇಟ್ಟುಕೊಂಡ ಆಸೆಯೂ ಏರಿತ್ತು. 2012ರಲ್ಲಿ ಪ್ರಕಟವಾದ ಅಧ್ಯಯನ ಇದು. ದೆಹಲಿಯ ಸುತ್ತಲಿನ ಹಳ್ಳಿಗಳಲ್ಲಿ ರಾಬರ್ಟ್ ಜೆನ್ಸನ್ ಇನ್ನೊಂದು ಮಾಡಿದರು. ಕಾಲ್ ಸೆಂಟರಿಗೆ ಜನ ಹುಡುಕುವ ಏಜೆಂಟರನ್ನು ಮೂರು ವರ್ಷ ಹಳ್ಳಿಗಳಿಗೆ ಕಳಿಸಿ, ಓದಿದ ಯುವತಿಯರಿಗೆ ಕೆಲಸ ಇದೆ ಅಂತ ನಿಜವಾಗಿಯೂ ತೋರಿಸಿದರು. ಅಂಥ ಹಳ್ಳಿಗಳಲ್ಲಿ ಯುವತಿಯರ ಮದುವೆ ಮುಂದೆ ಹೋಯಿತು, ಚಿಕ್ಕ ಹುಡುಗಿಯರೂ ಶಾಲೆಯಲ್ಲಿ ಹೆಚ್ಚಾಗಿ ಉಳಿದರು. ಪೋಸ್ಟರ್ ಹೇಳಿದ್ದನ್ನು ನಂಬುವುದು ಕಷ್ಟ. ಪಕ್ಕದ ಮನೆಯ ಹುಡುಗಿ ಸಂಬಳ ತಂದರೆ ನಂಬದೆ ಇರುವುದು ಕಷ್ಟ.

ಮನೆ ಮನೆಗೆ ಹೋಗುವ ಕೆಲಸವನ್ನು ಮಾತ್ರ ನಾನು ಜಾಗೃತಿ ಅನ್ನುವ ಡಬ್ಬಿಗೆ ಹಾಕುವುದಿಲ್ಲ. ರಾಜಸ್ಥಾನದಲ್ಲಿ ಸಫೀನಾ ಹುಸೇನ್ 2007ರಲ್ಲಿ ಶುರು ಮಾಡಿದ ಎಜುಕೇಟ್ ಗರ್ಲ್ಸ್ ಸಂಸ್ಥೆಯ ಕಾರ್ಯಕರ್ತರು ಊರಿನವರೇ. ಯಾವ ಮನೆಯ ಯಾವ ಹುಡುಗಿ ಶಾಲೆಗೆ ಹೋಗುತ್ತಿಲ್ಲ ಅಂತ ಪಟ್ಟಿ ಮಾಡುತ್ತಾರೆ. ಬಾಗಿಲು ತಟ್ಟುತ್ತಾರೆ. ಸೇರಿಸುವವರೆಗೂ ಮತ್ತೆ ಮತ್ತೆ ಹೋಗುತ್ತಾರೆ. ಜನನ ಪತ್ರ ಇಲ್ಲವಾ, ಶಾಲೆಯವರು ಸೇರಿಸಿಕೊಳ್ಳುತ್ತಿಲ್ಲವಾ, ಅದನ್ನೂ ಬಗೆಹರಿಸುತ್ತಾರೆ. 2015ರಿಂದ 2018ರವರೆಗೆ ಅವರು ಫಲ ಸಿಕ್ಕರೆ ಮಾತ್ರ ದುಡ್ಡು ಅನ್ನುವ ಒಪ್ಪಂದದಲ್ಲಿ ಕೆಲಸ ಮಾಡಿದರು. ಪಟ್ಟಿಯಲ್ಲಿದ್ದ ಹುಡುಗಿಯರಲ್ಲಿ ಶೇ. 92ರಷ್ಟು ಮಂದಿ ಶಾಲೆ ಸೇರಿದರು. ಹೆಸರಿಟ್ಟು ಹುಡುಕುವುದಕ್ಕೂ ಮೈಕ್ ಹಿಡಿದು ಹೇಳುವುದಕ್ಕೂ ಇರುವ ವ್ಯತ್ಯಾಸ ಇದು. ಈ ವಿಷಯದಲ್ಲಿ ನಿಮ್ಮ ಜಾಗೃತಿ ಗುಂಪಿಗೆ ಒಂದು ಅಂಕ ಕೊಟ್ಟಿದ್ದೇನೆ.

ಬಾಗಿಲು ಮುಚ್ಚಿದ್ದು ಮನೆಯವರಲ್ಲ, ಸರ್ಕಾರವೇ ಅನ್ನುವ ಸಂದರ್ಭಗಳೂ ಇವೆ. ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಬಂದಾಗ ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದವು. ಬಸಿರಾದ ಹುಡುಗಿಯರು ಹೆಚ್ಚಾದರು. ಹುಡುಗಿಯರಿಗೆ ಸೇರಲು ಒಂದು ಸುರಕ್ಷಿತ ಜಾಗ, ಕ್ಲಬ್ಬು ಇದ್ದ ಹಳ್ಳಿಗಳಲ್ಲಿ ಆ ಹಾನಿ ಬಹಳ ಕಡಿಮೆ. 2015ರಲ್ಲಿ ಶಾಲೆ ತೆರೆದಾಗ, ಹೊಟ್ಟೆ ಕಾಣುವ ಹುಡುಗಿಯರು ಬರಬಾರದು ಅಂತ ಸರ್ಕಾರ ಆದೇಶ ಮಾಡಿತು. ಕೆಲವು ಸಂಸ್ಥೆಗಳು ಪಶ್ಚಿಮ ಆಫ್ರಿಕಾ ದೇಶಗಳ ಜಂಟಿ ಕೋರ್ಟಿಗೆ ಹೋದವು. 2019ರ ಡಿಸೆಂಬರ್‌ನಲ್ಲಿ ಕೋರ್ಟು ಅದು ತಪ್ಪು ಅಂತು. 2020ರ ಮಾರ್ಚ್‌ನಲ್ಲಿ ನಿಷೇಧ ಹೋಯಿತು. ತಾಂಜಾನಿಯಾದಲ್ಲೂ ಇಂಥದ್ದೇ ಇತ್ತು, 2021ರ ನವೆಂಬರ್‌ನಲ್ಲಿ ತೆಗೆದರು. ಒಂದು ಇಟ್ಟಿಗೆ ಇಡದೆ ಸಾವಿರಾರು ಹುಡುಗಿಯರಿಗೆ ಶಾಲೆ ಮತ್ತೆ ತೆರೆಯಿತು. ವಕೀಲರ ಫೀಸಿಗೆ ದೇಣಿಗೆ ಕೊಡುವುದು ಯಾರಿಗೂ ಮನಸ್ಸಿಗೆ ತಟ್ಟುವುದಿಲ್ಲ, ಫೋಟೋ ಬರುವುದಿಲ್ಲ ನೋಡಿ.

ಈಗ ಘೋರ್‌ಗೆ ವಾಪಸ್ ಹೋಗೋಣ. ಊರಿಗೆ ಶಾಲೆ ಬಂದ ಕೂಡಲೇ ಮಗಳನ್ನು ಕಳಿಸಿದ ಆ ಅಪ್ಪ ಅಮ್ಮಂದಿರ ದೇಶದಲ್ಲಿ ಇವತ್ತು ಆರನೇ ಕ್ಲಾಸಿನ ಆಚೆ ಹುಡುಗಿಗೆ ಶಾಲೆ ಇಲ್ಲ. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ವಾಪಸ್ ಬಂತು. 2022ರ ಮಾರ್ಚ್ 23ಕ್ಕೆ ಹೈಸ್ಕೂಲು ತೆರೆಯುತ್ತದೆ ಅಂತ ಹೇಳಿದ್ದರು. ಹುಡುಗಿಯರು ಚೀಲ ಹಾಕಿಕೊಂಡು ಬಂದರು. ಕೆಲವೇ ಗಂಟೆಗಳಲ್ಲಿ ಮನೆಗೆ ಕಳಿಸಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಯೂನಿವರ್ಸಿಟಿಯೂ ಮುಚ್ಚಿತು. 2024ರ ಕೊನೆಗೆ ನರ್ಸ್, ಸೂಲಗಿತ್ತಿ ತರಬೇತಿಯೂ ಹೋಯಿತು. ಹೈಸ್ಕೂಲು ಸಿಗದ ಹುಡುಗಿಯರು ಕನಿಷ್ಠ 14 ಲಕ್ಷ ಅಂತ ಯುನೆಸ್ಕೋ 2024ರಲ್ಲಿ ಹೇಳಿತು. ಇಲ್ಲಿ ಸೈಕಲ್ ಕೊಟ್ಟರೆ, ಸ್ಟೈಪೆಂಡ್ ಕೊಟ್ಟರೆ ಏನೂ ಆಗುವುದಿಲ್ಲ. ಮನೆಯೊಳಗಿನ ಪಾಠ, ರೇಡಿಯೊ, ಫೋನಿನ ಕ್ಲಾಸು, ಇಷ್ಟೇ ಉಳಿದಿರುವುದು. ಅಂಥವರಿಗೆ ಕೊಡಬೇಕು ಅನ್ನಿಸಿದರೆ ಖಂಡಿತ ಕೊಡಿ, ಆದರೆ ಅವರ ಫೋಟೋ, ಹೆಸರು, ವರದಿ ಕೇಳಬೇಡಿ. ಅವು ಹೊರಬಿದ್ದರೆ ತೊಂದರೆ ಆಗುವುದು ಹುಡುಗಿಯರಿಗೆ.

ಕಲಿಕೆಯ ವಿಷಯ ಅಂದಿದ್ದೆ. ಚಿಕ್ಕದಾಗಿ ಹೇಳುತ್ತೇನೆ. ವಿಶ್ವಬ್ಯಾಂಕ್ ಮತ್ತು ಜೊತೆ ಸಂಸ್ಥೆಗಳು 2022ರಲ್ಲಿ ಅಂದಾಜು ಮಾಡಿದ ಹಾಗೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ವರ್ಷದ ಹತ್ತರಲ್ಲಿ ಏಳು ಮಕ್ಕಳಿಗೆ ಒಂದು ಸರಳ ಪ್ಯಾರಾ ಓದಿ ಅರ್ಥ ಮಾಡಿಕೊಳ್ಳಲು ಬರುವುದಿಲ್ಲ. ಮಗಳು ಐದು ವರ್ಷ ಹೋಗಿಯೂ ಓದಲು ಬರದಿದ್ದರೆ ಆರನೇ ವರ್ಷ ಯಾಕೆ ಕಳಿಸಬೇಕು ಅಂತ ಕೇಳುವ ತಾಯಿ ತಪ್ಪು ಲೆಕ್ಕ ಹಾಕುತ್ತಿಲ್ಲ. ಮಕ್ಕಳನ್ನು ಕ್ಲಾಸಿನ ಪ್ರಕಾರ ಕೂರಿಸುವ ಬದಲು, ದಿನಕ್ಕೆ ಒಂದೆರಡು ಗಂಟೆ ಅವರಿಗೆ ಎಷ್ಟು ಬರುತ್ತದೋ ಅದರ ಪ್ರಕಾರ ಗುಂಪು ಮಾಡಿ ಕಲಿಸುವ ಪದ್ಧತಿಯನ್ನು ಪ್ರಥಮ್ ಸಂಸ್ಥೆ ಬೆಳೆಸಿದೆ. ಈಗ ಆಫ್ರಿಕಾದ ಹಲವು ದೇಶಗಳಲ್ಲೂ ಅದು ನಡೆಯುತ್ತಿದೆ. ಖರ್ಚು ಕಡಿಮೆ, ಫಲ ಚೆನ್ನಾಗಿದೆ.

ಇನ್ನು ನಿಮ್ಮ ಹನ್ನೆರಡು ಜನರ ದುಡ್ಡು. ಕಟ್ಟಡಕ್ಕೆ ಹಾಕಬೇಡಿ. ನಿಮ್ಮ ಹಣದಲ್ಲಿ ಒಂದು ಕೋಣೆ ಏಳಬಹುದು, ಅದರಲ್ಲಿ ಪಾಠ ಹೇಳುವವರ ಸಂಬಳ ಯಾರು ಕೊಡುತ್ತಾರೆ? ಯಾವುದಾದರೂ ದೊಡ್ಡ ಹಬ್ಬದ ಹಾಗೆ ಒಂದು ವರ್ಷ ನೂರು ಹುಡುಗಿಯರಿಗೆ ಕೊಟ್ಟು ಕೈತೊಳೆದುಕೊಳ್ಳಲೂ ಬೇಡಿ. ಹೈಸ್ಕೂಲು ಅಂದರೆ ಐದಾರು ವರ್ಷ. ಎಂಟನೇ ಕ್ಲಾಸಿಗೆ ಫೀಸು ಕಟ್ಟಿ ಹತ್ತನೇ ಕ್ಲಾಸಿಗೆ ಕೈಬಿಟ್ಟರೆ ಆ ಹುಡುಗಿಗೆ ಮೊದಲಿಗಿಂತ ಜಾಸ್ತಿ ನೋವು. ಹತ್ತೇ ಹುಡುಗಿಯರನ್ನು ಹಿಡಿಯಿರಿ, ಮುಗಿಸುವವರೆಗೂ ಬಿಡಬೇಡಿ. 1993ರಲ್ಲಿ ಜಿಂಬಾಬ್ವೆಯಲ್ಲಿ ಶುರುವಾದ ಕ್ಯಾಮ್‌ಫೆಡ್ ಎಂಬ ಸಂಸ್ಥೆ ಇದನ್ನು ಚೆನ್ನಾಗಿ ಮಾಡುತ್ತದೆ. ಅವರ ನೆರವಿನಿಂದ ಓದಿದ ಹುಡುಗಿಯರೇ ವಾಪಸ್ ಬಂದು ಚಿಕ್ಕವರ ಬೆನ್ನಿಗೆ ನಿಲ್ಲುತ್ತಾರೆ. ಜ್ವರ ಬಂದಾಗ, ಮನೆಯಲ್ಲಿ ಜಗಳವಾದಾಗ, ಮದುವೆ ಮಾತು ಬಂದಾಗ ಫೀಸಿನ ರಸೀದಿ ಸಹಾಯಕ್ಕೆ ಬರುವುದಿಲ್ಲ. ಬರುವುದು ಆ ಅಕ್ಕ.

ಯಾವ ಸಂಸ್ಥೆಯಾದರೂ ಸರಿ, ಕೊಡುವ ಮೊದಲು ಇಷ್ಟು ಕೇಳಿ. ನಿಮ್ಮ ಕಡೆ ಹುಡುಗಿಯರು ಹೆಚ್ಚಾಗಿ ಬಿಡುವುದು ಯಾವ ಕ್ಲಾಸಿನಲ್ಲಿ? ಹೈಸ್ಕೂಲು ಎಷ್ಟು ದೂರ? ಬಿಟ್ಟವಳು ಮಗು ಎತ್ತಿಕೊಂಡು ವಾಪಸ್ ಬಂದರೆ ಸೇರಿಸಿಕೊಳ್ಳುತ್ತೀರಾ? ಎಷ್ಟು ಹುಡುಗಿಯರ 'ಬದುಕು ಬದಲಾಯಿಸಿದ್ದೇವೆ' ಅಂತ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಈ ಮೂರಕ್ಕೆ ತಡವರಿಸದೆ ಉತ್ತರ ಕೊಡುವವರು ಕಡಿಮೆ, ಅವರೇ ನಿಮಗೆ ಬೇಕಾದವರು.

ಆಮೇಲೆ, ಹೋದ ವರ್ಷದ ಹಾಜರಿ ಪುಸ್ತಕದ ಒಂದು ಪುಟ ಕೇಳಿ. ಹೆಸರು ಮುಚ್ಚಿ ಕಳಿಸಿದರೂ ಸಾಕು. ಬಂದರೆ ನನಗೂ ಒಂದು ಪ್ರತಿ ಕಳಿಸಿ, ಗೈರು ವಾರದ ಯಾವ ದಿನ ಬೀಳುತ್ತಿದೆ ಅಂತ ಒಟ್ಟಿಗೆ ನೋಡೋಣ.